ಅಮ್ಮನ ಎಡಗೈ ಬರೆದುಕೊಟ್ಟವರಿಗೆ

ಅಮ್ಮ ಹೊಲಿಯುತ್ತಾ ಕೂತ ಫೋಟೊ ಒಂದೂ ಇಲ್ಲ. ಅವಳು ತೀರಿಕೊಂಡು ವರ್ಷ ತುಂಬುವಷ್ಟರಲ್ಲಿ ಅಂಥದ್ದೊಂದು ಚಿತ್ರ ಬೇಕೇಬೇಕು ಅನಿಸಿತ್ತು. ಎಐಗೆ ಎಷ್ಟು ವಿವರಿಸಿದರೂ ಬಂದದ್ದು ನುಣ್ಣನೆ ಮುಖದ ಯಾರೋ ಹೆಂಗಸು. ಸೂಜಿ ಪ್ರತಿಸಲವೂ ಬಲಗೈಯಲ್ಲೇ. ಅದು ಕಲಿತ ಚಿತ್ರಗಳಲ್ಲಿ ಬಲಗೈಯವರೇ ಹೆಚ್ಚಲ್ಲವೇ, ನಮ್ಮಮ್ಮ ಎಡಗೈಯವಳು.

ಸೋತು ನಿಮಗೆ ಮೆಸೇಜ್ ಹಾಕಿದೆ. ಗುರುತು ಪರಿಚಯವಿಲ್ಲದ ನೀವು ಮೊದಲು ಕೇಳಿದ್ದು, "ದಾರ ಹಲ್ಲಲ್ಲಿ ಕಡೀತಿದ್ರಾ, ಕತ್ತರೀಲಾ?"

ಹಲ್ಲಲ್ಲಿ ಅಂದೆ.

ಹೆಬ್ಬೆರಳನ್ನು ಎರಡು ಸಲ ಅಳಿಸಿ ತಿದ್ದಿ, ಆಮೇಲೆ ಇಂಕ್ ಎಳೆದಿರಿ. ಕಾಗದ ಓರೆಯಾಗಿ ಹಿಡಿದರೆ ಆ ಪೆನ್ಸಿಲ್ ಗುರುತು ಇನ್ನೂ ಕಾಣುತ್ತದೆ. ಮೂಗಿನ ತುದಿಗೆ ಜಾರಿದ ಕನ್ನಡಕವೂ ಇದೆ; ನಾನು ಅದನ್ನು ಹೇಳಿದ್ದು ಒಂದೇ ಸಲ.

ಅಪ್ಪ ನೋಡಿ, "ಇವಳೇ" ಅಂದರು.

ಹೆಸರು ಬೇಡ ಅಂದಿರಿ, ಹಾಕಿಲ್ಲ. ತುಂಬಾ ಥ್ಯಾಂಕ್ಸ್.