ಪಾತಿಯ ಹಳೇ ಮಣ್ಣನ್ನು ಲಾರಿಗೆ ತುಂಬಬೇಡಿ

ಮಾನ್ಯ ಸಂಪಾದಕರೇ,

ಬೇಸಿಗೆಯಲ್ಲಿ ಕೈತೋಟ ನೋಡಿಕೊಳ್ಳುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ನೆರಳಿನ ಬಲೆ, ಸಂಜೆ ನೀರು, ಬುಡಕ್ಕೆ ಒಣ ಎಲೆ, ಎಲ್ಲಾ ಸರಿ. ಮಣ್ಣಿನೊಳಗಿನ ಶಿಲೀಂಧ್ರದ ಸುದ್ದಿಯೇ ಇರಲಿಲ್ಲ. ಶಿಲೀಂಧ್ರ ಅಂದರೆ ನಮಗೆ ಬೂಷ್ಟು, ಇಲ್ಲಾ ರೋಗ, ಅಲ್ವಾ? ಆದರೆ ಗಿಡಕ್ಕೆ ಬಿಸಿಲು ತಾಳಲು ನೆರವಾಗುವ ಶಿಲೀಂಧ್ರವೂ ಮಣ್ಣಿನಲ್ಲಿದೆ.

ನಾನು ಧಾರವಾಡದವಳು, ಪುಣೆಯ ಕೋಥ್ರುಡ್‌ನಲ್ಲಿದ್ದೇನೆ. ಹೋದ ಮಾರ್ಚ್‌ನಲ್ಲಿ ನಮ್ಮ ಸೊಸೈಟಿಯ ತೋಟದ ಗುತ್ತಿಗೆದಾರರು ಪಾತಿಯ ಮಣ್ಣನ್ನೆಲ್ಲ ಅಗೆದು ಲಾರಿಗೆ ತುಂಬಿಸಿದರು. ಹೊಸ ಕೆಂಪು ಮಣ್ಣು ಹಾಕಿ, ರಂಜಕ (ಫಾಸ್ಫರಸ್) ತುಂಬಿದ ಡಿಎಪಿ ರಸಗೊಬ್ಬರವನ್ನು ಮುಷ್ಟಿ ಮುಷ್ಟಿ ಎರಚಿ, ಮೇಲೆ ಶಿಲೀಂಧ್ರನಾಶಕ ಸುರಿದರು. ಏಪ್ರಿಲ್‌ನಲ್ಲಿ ದಿನಾ ನೀರು ಬಿಟ್ಟರೂ ಚೆಂಡುಹೂವಿನ ಗಿಡ ಮಧ್ಯಾಹ್ನಕ್ಕೆ ತಲೆ ಜೋಲಿಸುತ್ತಿತ್ತು. ವಾಚ್‌ಮನ್ ಕಾಕಾ ತಮ್ಮ ಖೋಲಿಯ ಹಿಂದೆ ಹಾಕಿದ್ದ ಬದನೆ ಮಾತ್ರ ಅದೇ ಬಿಸಿಲಲ್ಲಿ ಕಾಯಿ ಬಿಡುತ್ತಿತ್ತು. ಅಲ್ಲಿಯ ಮಣ್ಣನ್ನು ಯಾರೂ ಮುಟ್ಟಿರಲಿಲ್ಲ. ಎರಡು ಗಿಡ ನೋಡಿ ತೀರ್ಪು ಕೊಡೋದು ತಪ್ಪು, ಒಪ್ಪುತ್ತೇನೆ. ಆದರೆ ಇದರ ಹಿಂದಿನ ವಿಷಯ ಗಟ್ಟಿಯಾದದ್ದು.

ಮೈಕೊರೈಜಾ ಎಂಬ ಶಿಲೀಂಧ್ರ ಬೇರಿನೊಳಗೆ ಹೊಕ್ಕು, ಹೊರಗೆ ಮಣ್ಣಿನಲ್ಲಿ ಎಳೆ ಚಾಚುತ್ತದೆ. ಬೇರಿನ ರೋಮಕ್ಕಿಂತ ಸಣ್ಣ ಎಳೆ. ಬೇರು ನುಗ್ಗಲಾರದ ಸಂದಿಗೂ ಹೋಗಿ ನೀರು, ರಂಜಕ ತರುತ್ತದೆ. ಗಿಡ ಅದಕ್ಕೆ ಸಕ್ಕರೆ, ಕೊಬ್ಬು ಕೊಡುತ್ತದೆ. ಸುಮ್ನೆ ಯಾರೂ ಯಾರಿಗೂ ದುಡಿಯುವುದಿಲ್ಲ! ನೀರು ಸಿಕ್ಕ ಗಿಡದ ಎಲೆ ಬಿಸಿಲಲ್ಲೂ ತನ್ನ ಸಣ್ಣ ರಂಧ್ರಗಳನ್ನು ಜಾಸ್ತಿ ಹೊತ್ತು ತೆರೆದಿಡುತ್ತದೆ. ನೀರು ಆವಿಯಾಗುತ್ತಾ ಎಲೆ ತಣ್ಣಗಾಗುತ್ತದೆ, ಮಣ್ಣಿನ ಹೂಜಿಯ ಹಾಗೆ.

ಶಿಲೀಂಧ್ರದ ಜೊತೆಯಿಂದ ಗಿಡ ಬಿಸಿ ತಾಳುವುದಕ್ಕೆ ಇನ್ನೊಂದು ಉದಾಹರಣೆ ಕೇಳಿ. ಅಮೆರಿಕದ ಯೆಲ್ಲೊಸ್ಟೋನ್‌ನ ಬಿಸಿನೀರಿನ ಬುಗ್ಗೆಗಳ ಹತ್ತಿರ ಒಂದು ಹುಲ್ಲಿದೆ. ಅದರೊಳಗೊಂದು ಶಿಲೀಂಧ್ರ, ಮೈಕೊರೈಜಾ ಅಲ್ಲ, ಬೇರೆ ಜಾತಿ. ಎರಡೂ ಒಂಟಿಯಾಗಿ 38 ಡಿಗ್ರಿ ದಾಟಿದರೆ ಬೆಳೆಯವು. ಕೂಡಿದ್ದರೆ 65 ಡಿಗ್ರಿಯ ಮಣ್ಣನ್ನೂ ತಾಳುತ್ತವೆ. ಆ ಶಿಲೀಂಧ್ರದೊಳಗೆ ಒಂದು ವೈರಸ್ ಇರಲೇಬೇಕು ಎಂದು 2007ರಲ್ಲಿ ವಿಜ್ಞಾನಿಗಳು ತೋರಿಸಿದರು. ವೈರಸ್ ತೆಗೆದರೆ ಹುಲ್ಲಿಗೆ ಆ ಶಕ್ತಿಯಿಲ್ಲ.

ನಮ್ಮ ತೋಟದ ಹೂವು, ತರಕಾರಿ ಗಿಡಗಳ ಮೈಕೊರೈಜಾ ಕಣ್ಣಿಗೆ ಕಾಣುವುದಿಲ್ಲ. ಬೇರಿಗೆ ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ಅದಕ್ಕೇ ಅಗೆದು ಎಸೆಯುವವರಿಗೆ ಏನನ್ನು ಎಸೆದೆವು ಅಂತ ಗೊತ್ತಾಗುವುದಿಲ್ಲ. ಪದೇ ಪದೇ ಅಗೆದರೆ ಎಳೆ ಹರಿಯುತ್ತದೆ. ರಂಜಕ ಜಾಸ್ತಿ ಸುರಿದರೆ ಗಿಡವೇ ಶಿಲೀಂಧ್ರವನ್ನು ಹತ್ತಿರ ಸೇರಿಸುವುದಿಲ್ಲ. ರೈತರು ಈ ಮೈಕೊರೈಜಾವನ್ನೇ ‘ವ್ಯಾಮ್’ (VAM) ಎಂಬ ಹೆಸರಿನ ಪುಡಿಯಾಗಿ ಕೊಳ್ಳುತ್ತಾರೆ. ಮೇಲೆ ಎರಚಿದರೆ ಪ್ರಯೋಜನ ಕಡಿಮೆ, ನೆಡುವಾಗ ಬೇರಿಗೆ ತಾಗುವಂತೆ ಹಾಕಬೇಕು. ಸಾಸಿವೆ, ಎಲೆಕೋಸಿಗೆ ಮಾತ್ರ ದುಡ್ಡು ಹಾಳು ಮಾಡಬೇಡಿ, ಆ ಕುಟುಂಬದ ಗಿಡಗಳು ಇದರ ಜೊತೆ ಸೇರುವುದೇ ಇಲ್ಲ.

ಈ ಸಲ ಸೊಸೈಟಿಯ ಸಭೆಯಲ್ಲಿ ನಾನು ಕೇಳಿದ್ದು ಇಷ್ಟೇ: ರೋಗವಿಲ್ಲದ ಪಾತಿಯ ಮಣ್ಣು ಅಲ್ಲೇ ಇರಲಿ, ಮೇಲೆ ಕಾಂಪೋಸ್ಟ್ ಗೊಬ್ಬರ ಹಾಕಿ. ಲಾರಿ ಬಾಡಿಗೆ ಉಳಿಯುತ್ತದೆ ಅಂದ ಮೇಲೆ ಖಜಾಂಚಿಯವರು ಕಿವಿಗೊಟ್ಟರು.

— ಒಬ್ಬ ಓದುಗಿ, ಕೋಥ್ರುಡ್, ಪುಣೆ