ಕಳ್ಳರು ಮುದುಕನನ್ನೇ ಕದ್ದರಂತೆ!

ಪ್ರೀತಿಯ ಹುಡುಗಿ,

ನಿನ್ನ ಕಥೆಯನ್ನು ನೀನೇ ಇಂಗ್ಲಿಷಿಗೆ ತಂದಿದ್ದು ಎರಡು ಸಲ ಓದಿದೆ. ಕಥೆ ಚೆನ್ನಾಗಿದೆ. ಆದರೆ ಮೂರನೇ ಪುಟದಲ್ಲಿ ನಗು ತಡೆಯಲಾಗಲಿಲ್ಲ ಕಣಮ್ಮಾ. ಕಳ್ಳರು ‘ಸ್ಟೋಲ್ ದಿ ಓಲ್ಡ್ ಮ್ಯಾನ್’ ಅಂತ ಬರೆದಿದ್ದೀಯ. ಪಾಪ, ಮುದುಕನನ್ನೇ ಹೊತ್ತುಕೊಂಡು ಹೋದ ಹಾಗಾಯ್ತು! ಸ್ಟೀಲ್ ಆದಮೇಲೆ ಬರುವುದು ಕದ್ದ ವಸ್ತು. ಕಳೆದುಕೊಂಡ ಮನುಷ್ಯನೋ ಮನೆಯೋ ಬರಬೇಕಾದರೆ ರಾಬ್ ಹಾಕಬೇಕು. ನಮ್ಮ ‘ದೋಚು’ ಧಾರಾಳಿ. ಮನೆ ದೋಚಿದರು ಅಂದರೂ ಸೈ, ಹಣ ದೋಚಿದರು ಅಂದರೂ ಸೈ. ರಾಬ್‌ಗೆ ಆ ಧಾರಾಳ ಇಲ್ಲ.

ಇಂಥ ಜೋಡಿ ಪದಗಳ ಪಟ್ಟಿ ಬೇಕು ಅಂತ ಕೇಳಿದ್ದೀಯ. ಕೊಡುವುದಿಲ್ಲ. ನಾನೂ ಒಂದು ಕಾಲದಲ್ಲಿ ನೋಟ್‌ಬುಕ್ ತುಂಬಾ ಪಟ್ಟಿ ಮಾಡಿದ್ದೆ. ಬರೆಯಲು ಕೂತಾಗ ಒಂದೂ ನೆನಪಾಗುತ್ತಿರಲಿಲ್ಲ. ನಿನ್ನನ್ನು ದಾರಿ ತಪ್ಪಿಸುತ್ತಿರುವುದು ನಿಘಂಟಿನ ಕನ್ನಡ ಅಂತ ನನಗೆ ಅನುಮಾನ.

ರಿಫ್ಯೂಸ್, ಡಿನೈ ಎರಡನ್ನೂ ನಾವು ‘ನಿರಾಕರಿಸು’ ಅಂತ ಕಲಿತುಬಿಡುತ್ತೇವೆ. ಅದಕ್ಕೇ ನಿನ್ನ ನಾಯಕಿ ‘ಡಿನೈಡ್ ಟು ಗೋ’ ಅಂತ ಹಟ ಹಿಡಿದು ಕೂತಿದ್ದಾಳೆ. ಆ ದೊಡ್ಡ ಪದ ಪಕ್ಕಕ್ಕಿಟ್ಟು ಅವಳ ಬಾಯಲ್ಲಿ ಮಾತು ಹಾಕಿ ನೋಡು. ‘ನಾನು ಬರಲ್ಲ’ ಅಂದರೆ ರಿಫ್ಯೂಸ್. ‘ನಾನು ಮಾಡಿಲ್ಲ’ ಅಂದರೆ ಡಿನೈ. ಹಾಗಾಗಿ ಅವಳು ‘ರಿಫ್ಯೂಸ್ಡ್ ಟು ಗೋ’. ಆಮೇಲೆ ಬೀಗದ ಕೈ ಯಾರು ತಗೊಂಡರು ಅಂತ ಕೇಳಿದಾಗ ‘ಡಿನೈಡ್ ಟೇಕಿಂಗ್ ಇಟ್’. (ಡಿನೈಗೆ ‘ಸಿಗದ ಹಾಗೆ ಮಾಡು’ ಅನ್ನುವ ಅರ್ಥವೂ ಇದೆ. ಸದ್ಯಕ್ಕೆ ಅದರ ತಂಟೆ ಬೇಡ.)

ಲುಕ್, ಸೀ ಕೂಡ ಹೀಗೇ. ಎರಡಕ್ಕೂ ‘ನೋಡು’ ಅಂತ ಉರು ಹೊಡೆದಿರುತ್ತೇವೆ. ಆದರೆ ‘ಎಷ್ಟು ನೋಡಿದರೂ ಏನೂ ಕಾಣಿಸಲಿಲ್ಲ’ ಅಂತ ದಿನಾ ಹೇಳುತ್ತೇವಲ್ಲ? ಅಲ್ಲಿ ನೋಡಿದ್ದು ಲುಕ್, ಕಾಣಿಸಿದ್ದು ಸೀ. ಲಿಸನ್, ಹಿಯರ್ ಕೂಡ ಅಷ್ಟೇ: ಕಿವಿಗೊಟ್ಟು ಕೇಳುವುದು ಒಂದು, ತಾನಾಗಿ ಕೇಳಿಸುವುದು ಇನ್ನೊಂದು. ವಾಚ್ ಮಾತ್ರ ಬೇರೆ. ಅಲ್ಲಿ ಕಣ್ಣು ಒಂದರ ಮೇಲೇ ನೆಟ್ಟಿರುತ್ತದೆ. ಏನೋ ನಡೆಯುತ್ತಿರುತ್ತದೆ, ಇಲ್ಲಾ ನಡೆಯಬಹುದು ಅಂತ ಕಾದಿರುತ್ತೇವೆ.

ನನಗೆ ಜಾಸ್ತಿ ಖುಷಿ ಕೊಟ್ಟಿದ್ದು ನಮ್ಮ ‘ಇಸು’. ಏಳು, ಎಬ್ಬಿಸು. ಬೀಳು, ಬೀಳಿಸು. ಹಳೆಯ ಇಂಗ್ಲಿಷಿನಲ್ಲೂ ಅದರ ನೆಂಟ ಭಾಷೆಗಳಲ್ಲೂ ಇಂಥದ್ದೊಂದು ಏರ್ಪಾಡು ಇತ್ತು. ಅದರ ಉಳಿಕೆ ಈಗಲೂ ಇದೆ: ತಾನೇ ಏಳುವುದು ರೈಸ್, ಎತ್ತುವುದು ರೇಸ್. ಸಿಟ್, ಸೆಟ್ ಕೂಡ ಇದೇ ಮನೆತನ. ಫಾಲ್ ಅಂದರೆ ಬೀಳು, ಮರ ಬೀಳಿಸಿದರೆ ಫೆಲ್. ಲೈ ಅಂದರೆ ಮಲಗು, ಲೇ ಅಂದರೆ ಮಲಗಿಸು ಅಥವಾ ಇಡು. ಇಲ್ಲೇ ಒಂದು ಗುಂಡಿ ಇದೆ, ನೀನು ಅದರಲ್ಲಿ ಮೂರು ಸಲ ಬಿದ್ದಿದ್ದೀಯ. ಲೈ ಕ್ರಿಯಾಪದದ ಭೂತಕಾಲವೂ ಲೇ! ‘ನಿನ್ನೆ ಮಲಗಿದಳು’ ಅಂದರೆ ‘ಶಿ ಲೇ’, ‘ಮಗುವನ್ನು ಮಲಗಿಸಿದಳು’ ಅಂದರೆ ‘ಶಿ ಲೇಡ್’. ಇಂಗ್ಲಿಷ್ ಮನೆಮಾತಾದವರೇ ಇದರಲ್ಲಿ ಎಡವುತ್ತಾರೆ. ಆದ್ದರಿಂದ ನಿನ್ನ ಪಾತ್ರ ಮಾತಿನಲ್ಲಿ ತಪ್ಪು ಹೇಳಿದರೆ ಹಾಗೇ ಬಿಡು, ಸಹಜವಾಗಿರುತ್ತದೆ. ಕಥೆ ಹೇಳುವವಳು ನೀನು, ನಿನಗೆ ಆ ರಿಯಾಯಿತಿ ಇಲ್ಲ.

ಈ ‘ಇಸು’ ಮರೆತು ನಾನು ಪಟ್ಟ ನಾಚಿಕೆ ಕೇಳು. ಹೊಸದಾಗಿ ಬರೆಯುತ್ತಿದ್ದಾಗ ಒಬ್ಬ ಸಂಪಾದಕರಿಗೆ ‘ಪ್ಲೀಸ್ ರಿಮೆಂಬರ್ ಮಿ ಆಫ್ಟರ್ ಟೂ ವೀಕ್ಸ್’ ಅಂತ ಬರೆದೆ. ನೆನಪಿಸಿ ಅನ್ನಬೇಕಿತ್ತು, ಅದು ರಿಮೈಂಡ್. ನಾನು ಬರೆದಿದ್ದು ಸಾಯುವ ಮುಂಚೆ ಬರೆದ ಪತ್ರದ ಹಾಗಿತ್ತು. ಖಂಡಿತ ಮರೆಯುವುದಿಲ್ಲ, ಆರೋಗ್ಯ ನೋಡಿಕೊಳ್ಳಿ ಅಂತ ಉತ್ತರ ಬಂತು.

ಎಲ್ಲ ಕಡೆಯೂ ಕನ್ನಡ ಕೈಹಿಡಿಯುತ್ತದೆ ಅಂತಲ್ಲ. ಸೇ, ಟೆಲ್ ಎರಡೂ ನಮಗೆ ‘ಹೇಳು’ವೇ. ಇಲ್ಲಿ ಅರ್ಥ ಕೆದಕಬೇಡ, ಪಕ್ಕದಲ್ಲಿ ಯಾರು ಕೂತಿದ್ದಾರೆ ನೋಡು. ಟೆಲ್ ಪಕ್ಕದಲ್ಲೇ ಸಾಮಾನ್ಯವಾಗಿ ಕೇಳುವವರು ಇರುತ್ತಾರೆ: ‘ಟೋಲ್ಡ್ ಮಿ’. ಸೇ ಮತ್ತು ಕೇಳುವವರ ನಡುವೆ ‘ಟು’ ಬೇಕು. ಕಥೆ, ಸುಳ್ಳು, ನಿಜ ಇಂಥ ಕೆಲವು ಮಾತ್ರ ನೇರವಾಗಿ ಟೆಲ್ ಜೊತೆ ಹೋಗುತ್ತವೆ. ಹಾಗೇ, ಸಂಭಾಷಣೆಯಲ್ಲಿ ‘ಸೆಡ್’ ಬಂದಲ್ಲೆಲ್ಲ ಸುಮ್ನೆ ಬೇರೆ ಪದ ತುರುಕಿದ್ದೀಯ. ಅವನ್ನು ತೆಗೆದು ‘ಸೆಡ್’ ಅಂತಲೇ ಹಾಕು. ಓದುವವರಿಗೆ ‘ಸೆಡ್’ ಕಣ್ಣಿಗೇ ಬೀಳುವುದಿಲ್ಲ.

ಉಳಿದದ್ದನ್ನು ಹಾಳೆಯ ಅಂಚಿನಲ್ಲಿ ಗುರುತು ಮಾಡಿದ್ದೇನೆ. ಕೊನೆಯ ಸಾಲು ಮಾತ್ರ ಮುಟ್ಟಿಲ್ಲ. ಹುಡುಗ ಕಿಟಕಿಯ ಹತ್ತಿರ ನಿಂತಿದ್ದಾನೆ, ‘ಲುಕಿಂಗ್’ ಅಂತ ಬರೆದು ಹೊಡೆದುಹಾಕಿ ‘ವಾಚಿಂಗ್’ ಅಂತ ಮಾಡಿದ್ದೀಯ. ಹೊರಗೆ ಬರೀ ಖಾಲಿ ರಸ್ತೆಯೋ, ಅಥವಾ ಅವನ ಅಪ್ಪ ವಾಪಸ್ ಬರುತ್ತಿದ್ದಾನೋ? ಅದನ್ನು ನನಗೆ ಬರೆದು ತಿಳಿಸು.

ನಿನ್ನ ಒಳ್ಳೆಯದನ್ನು ಬಯಸುವ,
ಹಳೆಯ ಬರಹಗಾರ