ಕಮಿಟಿಗೆ ಸೇರಿದ ಮಗಳಿಗೆ

ಪ್ರೀತಿಯ ಪುಟ್ಟಿ,

ಯೇಸುಸ್ವಾಮಿಯ ನಾಮದಲ್ಲಿ ಆಶೀರ್ವಾದಗಳು. ನಿನ್ನನ್ನು ಚರ್ಚಿನ ಆಡಳಿತ ನೋಡುವ ಪಾಸ್ಟರೇಟ್ ಕಮಿಟಿಗೆ ಆರಿಸಿದ್ದಾರೆ ಅಂತ ಅಳಿಯಂದಿರು ಫೋನ್ ಮಾಡಿ ಹೇಳಿದರು. ಅಪ್ಪನಿಗೆ ಖುಷಿಯೋ ಖುಷಿ. ಸಿಕ್ಕವರಿಗೆಲ್ಲ ಹೇಳುತ್ತಿದ್ದಾರೆ, ಜೊತೆಗೆ ತಮ್ಮ ಹಳೇ ಪುರಾಣವನ್ನೂ ಸೇರಿಸುತ್ತಾರೆ. ತುಮಕೂರಿನ ಚರ್ಚು ಇಂಗ್ಲೆಂಡಿನ ವೆಸ್ಲಿಯನ್ ಮಿಷನ್ನಿನದು, 1947ರಲ್ಲಿ ಹಲವು ಚರ್ಚುಗಳು ಒಂದಾಗಿ ಆದ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿಎಸ್‌ಐಗೆ ಸೇರಿತು. ಕೋಲಾರದ್ದು ಅಮೆರಿಕದ ಮೆಥೋಡಿಸ್ಟ್, ಸೇರಲಿಲ್ಲ. ಕಮಿಟಿ ಜಗಳ ಮಾತ್ರ ಎರಡು ಕಡೆಯೂ ಒಂದೇ ಥರ ಬಿಡು.

ಮೀಟಿಂಗ್‌ನಲ್ಲಿ ಪ್ರಾರ್ಥನೆ ಮಾಡು ಅಂದರೆ ಏನು ಮಾಡಲಿ ಅಂತ ಕೇಳಿದ್ದೆ. ಚಿಕ್ಕದಾಗಿ ಮಾಡು. ಕೆಲವರು ಕಣ್ಣು ಮುಚ್ಚಿಕೊಂಡು ಕಮಿಟಿಯವರಿಗೇ ಭಾಷಣ ಬಿಗಿಯುತ್ತಾರೆ. "ಕರ್ತನೇ, ಸುಮ್ನೆ ಲೆಕ್ಕ ಕೇಳುವವರ ಮನಸ್ಸನ್ನು ಮಾರ್ಪಡಿಸು" ಅಂದಮೇಲೆ ಯಾರು ಬಾಯಿ ಬಿಡುತ್ತಾರೆ? "ಪ್ರಾರ್ಥನೆಯಲ್ಲಿ ದೇವರು ನನಗೆ ಹೀಗೆ ತೋರಿಸಿದರು" ಅನ್ನುವುದೂ ಅದೇ ಜಾತಿ. ನೀನು ರಾತ್ರಿಯೆಲ್ಲ ಪ್ರಾರ್ಥನೆ ಮಾಡಿದ್ದರೂ ಮೀಟಿಂಗ್‌ನಲ್ಲಿ ಕಾರಣ ಕೊಟ್ಟು ಮಾತಾಡು. ನಿನ್ನ ಮಾತು ಸರಿಯಿಲ್ಲ ಅನ್ನಲು ಬೇರೆಯವರಿಗೆ ಜಾಗ ಇರಬೇಕು.

ಬೈಬಲಿನಲ್ಲಿ ಅಪೊಸ್ತಲರ ಕೃತ್ಯಗಳು ಆರನೇ ಅಧ್ಯಾಯ ಇನ್ನೊಮ್ಮೆ ಓದು. ಗ್ರೀಕ್ ಮಾತಾಡುವ ವಿಧವೆಯರಿಗೆ ದಿನದ ಊಟ ಸರಿಯಾಗಿ ಸಿಗುತ್ತಿಲ್ಲ ಅಂತ ದೂರು ಬಂತು. "ಪ್ರಾರ್ಥನೆ ಮಾಡೋಣ, ಹೋಗಿ ಬನ್ನಿ" ಅಂತ ಅಪೊಸ್ತಲರು ಸಾಗಹಾಕಲಿಲ್ಲ. ಸಭೆಯನ್ನೆಲ್ಲ ಕೂಡಿಸಿ, ಏಳು ಜನರನ್ನು ನೀವೇ ಆರಿಸಿ ಅಂದರು. ಸ್ತೆಫನ, ಫಿಲಿಪ್ಪ, ನಿಕನೋರ, ತಿಮೋನ... ಏಳೂ ಗ್ರೀಕ್ ಹೆಸರುಗಳೇ. ದೂರು ಕೊಟ್ಟವರ ಕಡೆಯವರ ಕೈಗೇ ಸೌಟು ಹೋಯಿತು ಅಂತ ನನಗನ್ನಿಸುತ್ತದೆ. ಅಪೊಸ್ತಲರು ಅವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸಿದ್ದು ಅದಾದ ಮೇಲೆ. ನಿಮ್ಮಲ್ಲಿ ಯಾರಾದರೂ ದೂರು ತಂದರೆ ಮೊದಲು ಪೂರ್ತಿ ಕೇಳಿಸಿಕೋ.

ಯೆರೂಸಲೇಮಿನ ಗೋಡೆ ಕಟ್ಟಿಸಿದ ನೆಹೆಮೀಯನೂ ಹಾಗೇ ಅಲ್ವಾ? ರಾಜನ ಮುಂದೆ ನಿಂತು ಮನಸ್ಸಿನಲ್ಲೇ ಪ್ರಾರ್ಥಿಸಿದ, ಕಟ್ಟಲು ಬೇಕಾದ ಮರ ಕೊಡಿಸುವ ಪತ್ರವನ್ನೂ ಕೇಳಿದ. ರಾತ್ರಿ ಹೋಗಿ ಬಿದ್ದ ಗೋಡೆಯನ್ನು ಕಣ್ಣಾರೆ ನೋಡಿದ. ಶತ್ರುಗಳ ಸುದ್ದಿ ಬಂದಾಗ ಪ್ರಾರ್ಥನೆಯೂ ಆಯಿತು, ಕಾವಲೂ ಆಯಿತು. ಗೋಡೆ 52 ದಿನದಲ್ಲಿ ಮುಗಿಯಿತು.

ಹೆಂಗಸು ಅಂತ ನಿನ್ನನ್ನು ಕಾಫಿ, ಬಿಸ್ಕೆಟ್ ಜವಾಬ್ದಾರಿಗೆ ತಳ್ಳಬಹುದು. ಸಿಎಸ್‌ಐನಲ್ಲಿ 2013ರಲ್ಲೇ ಪುಷ್ಪಲಲಿತಾ ಅವರು ನಂದ್ಯಾಲದ ಬಿಷಪ್ ಆದರು, ನಮ್ಮವರಿಗೆ ಇನ್ನೂ ಕಾಫಿಯೇ ನೆನಪಾಗುತ್ತದೆ. ಕಾಫಿ ಕೊಡು, ಪರವಾಗಿಲ್ಲ. ಕಾಣಿಕೆ ಲೆಕ್ಕದ ಪುಸ್ತಕವನ್ನೂ ಕೇಳು.

ಮನೆಯಲ್ಲಿ ಕಮಿಟಿಯವರ ಒಬ್ಬೊಬ್ಬರ ಹೆಸರೂ ಹೇಳಿ ಪ್ರಾರ್ಥಿಸು. ನಿನ್ನ ಮಾತಿಗೆ ಅಡ್ಡ ಬರುವವರ ಹೆಸರು ಮೊದಲು ಬರಲಿ. ಪಾಸ್ಟರ್ ಅಯ್ಯನವರನ್ನು ಮರೆಯಬೇಡ, ಅವರಿಗೆ ದೂರು ಹೇಳುವವರೇ ಜಾಸ್ತಿ. ಯಾರ ಮನೆಯ ಕಷ್ಟವಾದರೂ ನಿನ್ನ ಕಿವಿಗೆ ಬಿದ್ದರೆ ಪ್ರಾರ್ಥನಾ ವಿಷಯ ಅಂತ ವಾಟ್ಸಾಪ್ ಗ್ರೂಪಿಗೆ ಹಾಕಬೇಡ. ನನಗೂ ಹೇಳಬೇಡ. ನಾನು ಕೇಳಿಯೇ ಕೇಳುತ್ತೇನೆ, ಆದರೂ ಹೇಳಬೇಡ.

ನಿನ್ನ ಅಮ್ಮ
ತುಮಕೂರು